ಎಡಗಡೆಯ ಅಂಕೆ

ಜನವರಿ 11

ಅಮ್ಮ,

ಫೋನಿನಲ್ಲಿ ನೀನು "ಹೂಂ", "ಸರಿ", "ಆಮೇಲೆ ಮಾತಾಡೋಣ" ಎಂಬ ಮೂರನ್ನು ಬಿಟ್ಟು ನಾಲ್ಕನೆಯದನ್ನು ಹೇಳುವುದಿಲ್ಲ. ಅಂಗಡಿಯಲ್ಲಿ ಅಪ್ಪ ಇರುತ್ತಾರೆ, ಗಿರಾಕಿಗಳಿರುತ್ತಾರೆ, ಗೊತ್ತು. ಮೆಸೇಜು ಮಾಡು ಎಂದರೆ, ಕನ್ನಡಕದ ಗಾಜು ಉಜ್ಜಿ ಉಜ್ಜಿ ನಿನ್ನ ಬೆರಳ ತುದಿ ಸವೆದು, ಮೊಬೈಲಿನ ಪರದೆ ನಿನ್ನನ್ನು ಮನುಷ್ಯಳೆಂದೇ ಒಪ್ಪುವುದಿಲ್ಲ. ಅದಕ್ಕೇ ಹಳೇ ಕಾಲದವರ ಹಾಗೆ ಕಾಗದ ಬರೆಯುತ್ತಿದ್ದೇನೆ. ನೀನೂ ಕಾಗದದಲ್ಲೇ ಉತ್ತರ ಕೊಡಬೇಕು.

ವಿಷಯ ಇಷ್ಟು. ನಮ್ಮ ಡ್ರೈವರ್ ಸಾಹೇಬರು ಮದುವೆಯಾಗೋಣ ಅಂದಿದ್ದಾರೆ. ನಾಲ್ಕು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ, ಒಂದೇ ಬೀಗಕ್ಕೆ ಎರಡು ಕೀಲಿ ಇಟ್ಟುಕೊಂಡಿದ್ದೇವೆ. ಈಗ ಇದ್ದಕ್ಕಿದ್ದ ಹಾಗೆ ಇವನಿಗೆ ಮದುವೆ ಬೇಕಂತೆ. ಏಪ್ರಿಲ್ ಕೊನೆಯಲ್ಲಿ ಇವನನ್ನು ಇನ್ನೊಂದು ಊರಿನ ಬಸ್ ಡಿಪೋಗೆ ಹಾಕುತ್ತಿದ್ದಾರೆ. ಮದುವೆಯಾದರೆ ಇಬ್ಬರೂ ಹೋಗುವುದು, ಇಲ್ಲವಾದರೆ ಅವನೊಬ್ಬನೇ. "ಎರಡು ಸಲ ಕೇಳಿದೀನಿ. ಮೂರನೇ ಸಲ ಕೇಳಲ್ಲ" ಅಂದ.

ಈಗಿನ ಕಾಲದಲ್ಲಿ ಮದುವೆ ಯಾಕಮ್ಮ? ನನ್ನ ಊಟ ನಾನೇ ದುಡಿಯುತ್ತೇನೆ. ಜ್ವರ ಬಂದರೆ ನಾನೇ ಡಾಕ್ಟರ ಹತ್ತಿರ ಹೋಗುತ್ತೇನೆ. ಈಜುಕೊಳದಲ್ಲಿ ನಾವು ಐದು ಜನ ಟೀಚರುಗಳಿದ್ದೇವೆ. ಮೂವರು ಗಂಡನನ್ನು ಬಿಟ್ಟಿದ್ದಾರೆ, ಒಬ್ಬಳು ಮನೆಗೆ ಹೋಗಲು ಮನಸ್ಸಿಲ್ಲದೆ ಕೆಲಸ ಮುಗಿದ ಮೇಲೂ ನೀರಿನಲ್ಲೇ ತೇಲುತ್ತಿರುತ್ತಾಳೆ. ಐದನೆಯವಳು ನಾನು.

ಆದರೂ ಥಟ್ಟನೆ ಬೇಡ ಅನ್ನಲು ಆಗುತ್ತಿಲ್ಲ. ಕಾರಣ ನೀವಿಬ್ಬರು. ನಾನು ಹತ್ತಿರದಿಂದ ಕಂಡ ಒಂದೇ ಒಂದು ಒಳ್ಳೆಯ ಮದುವೆ ನಿಮ್ಮದು. ನೀವು ದನಿ ಎತ್ತಿ ಜಗಳವಾಡಿದ್ದನ್ನು ನಾನು ಕೇಳಿಲ್ಲ. ಇಡೀ ದಿನ ಒಂದೇ ಅಂಗಡಿಯಲ್ಲಿ ಒಟ್ಟಿಗೆ ಕೆಲಸ ಮಾಡಿ, ಸಂಜೆ ಒಂದೇ ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಹೋಗಿ, ಇನ್ನೂ ಒಬ್ಬರ ಮುಖ ಇನ್ನೊಬ್ಬರಿಗೆ ಸಾಕಾಗಿಲ್ಲ ಎಂದರೆ ಅದರಲ್ಲಿ ಏನೋ ಇರಬೇಕು. ಅದೇನು ಅಂತ ಹೇಳು. ಮದುವೆ ಆಗಬಹುದಾ? ನೀನು ಹೂಂ ಅಂದರೆ ಆಗುತ್ತೇನೆ, ಬೇಡ ಅಂದರೆ ಬೇಡ. ತಮಾಷೆ ಮಾಡುತ್ತಿಲ್ಲ.

ಇವನು ಒಳಗಿನ ರೂಮಿನಲ್ಲಿ ಯೂನಿಫಾರ್ಮಿಗೆ ಇಸ್ತ್ರಿ ಮಾಡುತ್ತಿದ್ದಾನೆ. ಯಾರಿಗೆ ಬರೀತಿದೀಯ ಅಂದ. ಅಮ್ಮಂಗೆ ಅಂದೆ. ಮುಂದೆ ಏನೂ ಕೇಳಲಿಲ್ಲ.

ದಿನಕ್ಕೆ ಆರು ಗಂಟೆ ನೀರಿನಲ್ಲಿರುವ
ನಿನ್ನ ಕಪ್ಪೆ


ಜನವರಿ 27

ಕಪ್ಪೆ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಗಿರಾಕಿ ಬಂದರು. ನೆಪ ಹೇಳುತ್ತೀಯ ಅನ್ನುತ್ತೀಯ, ಅನ್ನು.

ಅಂಗಡಿ ನೀನು ಕಂಡ ಹಾಗೇ ಇದೆ. ಮುಂದಿನ ಕೋಣೆಯಲ್ಲಿ ನಿಮ್ಮಪ್ಪ ಕಣ್ಣು ಪರೀಕ್ಷೆ ಮಾಡಿ ಚೀಟಿಯಲ್ಲಿ ನಂಬರು ಬರೆಯುತ್ತಾರೆ. ಹಲಗೆಯ ಗೋಡೆಯಲ್ಲಿರುವ ಕಿಂಡಿಯಿಂದ ಚೀಟಿ ಒಳಗೆ ಬರುತ್ತದೆ. ಅದನ್ನು ನೋಡಿ ನಾನು ಗಾಜು ಉಜ್ಜಿ, ಫ್ರೇಮಿಗೆ ಕೂಡಿಸಿ, ಅದೇ ಕಿಂಡಿಯಿಂದ ಹೊರಗೆ ಕೊಡುತ್ತೇನೆ. ಮೊನ್ನೆ ಮದುವೆಯಾಗಿ ನಲವತ್ತು ವರ್ಷವಾದ ಗಂಡಹೆಂಡತಿ ಬಂದಿದ್ದರು. ಯಾವ ಸಾಲು ಕಾಣುತ್ತೆ ಅಂತ ಗಂಡನನ್ನು ಕೇಳಿದರೆ ಹೆಂಡತಿ ಉತ್ತರ ಕೊಡುತ್ತಿದ್ದಳು. "ಅವರಿಗೆ ಮೂರನೇ ಸಾಲು ಕಾಣಲ್ಲ, ಬಿಡಿ" ಅಂತ. ಆ ಮನುಷ್ಯ ಬಾಯಿ ತೆರೆದು ಮುಚ್ಚಿದ. ನಾನು ಒಳಗೆ ಕೂತು ನಕ್ಕು ನಕ್ಕು ಗಾಜು ಕೈಜಾರಿತು.

ಹುಡುಗನ ಬಗ್ಗೆ ಒಂದು ಕೇಳುತ್ತೇನೆ. ಸಿಟ್ಟು ಬಂದರೆ ಏನು ಮಾಡುತ್ತಾನೆ? ಕೂಗುತ್ತಾನೋ, ಸುಮ್ಮನಾಗುತ್ತಾನೋ? ಕೂಗುವವನಾದರೆ ಪರವಾಗಿಲ್ಲ.

ಮದುವೆ ಬೇಕೋ ಬೇಡವೋ ಎಂದು ನನ್ನನ್ನು ಕೇಳಿದರೆ ಹೇಗೆ? ನನ್ನ ಕಾಲದಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಯಾರ ಜೊತೆ ಅನ್ನುವುದಷ್ಟೇ ಇತ್ತು, ಅದಕ್ಕೂ ಉತ್ತರವನ್ನು ಬೇರೆಯವರೇ ಕೊಟ್ಟರು. ನೀನು ಓದಿದವಳು, ನಾಲ್ಕು ಜನರನ್ನು ನೋಡಿದವಳು. ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡು. ನಿಮ್ಮಪ್ಪ ಚೆನ್ನಾಗಿದ್ದಾರೆ. ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು, ಒದ್ದೆ ತಲೆಯಲ್ಲಿ ಹೊರಗೆ ಹೋಗಬೇಡ.

ಅಮ್ಮ


ಫೆಬ್ರವರಿ 6

ಅಮ್ಮ,

ಎರಡು ಹಾಳೆ ತುಂಬಾ ಬರೆದಿದ್ದೀಯ, ಅದರಲ್ಲಿ ನೀನೇ ಇಲ್ಲ. ನಾನು ಕೇಳಿದ್ದು ನಿನ್ನ ಮದುವೆಯ ಬಗ್ಗೆ. ನೀನು ಹೇಳಿದ್ದು ಗಿರಾಕಿಗಳ ಮದುವೆಯ ಬಗ್ಗೆ. ಈಜು ಕಲಿಯಲು ಬಂದು, ಕಂಬಿ ಹಿಡಿದುಕೊಂಡೇ ಕೊಳವನ್ನು ಸುತ್ತುವ ಹೆಂಗಸರನ್ನು ದಿನಾ ನೋಡುತ್ತೇನೆ. ಥೇಟ್ ಹಾಗೇ ಮಾಡುತ್ತಿದ್ದೀಯ.

ನಿನ್ನ ಪ್ರಶ್ನೆಗೆ ಉತ್ತರ: ಇವನು ಕೂಗುತ್ತಾನೆ. ಬಸ್ಸಿನ ಹಾರನ್ನಿನ ಹಾಗೆ ಐದು ನಿಮಿಷ, ಆಮೇಲೆ ಚಹಾ ಮಾಡಿಕೊಂಡು ಬರುತ್ತಾನೆ. ಸುಮ್ಮನಾಗುವವಳು ನಾನು.

ಇನ್ನೊಂದು ವಿಷಯ. ಹೇಳಬಾರದು ಅಂದುಕೊಂಡಿದ್ದೆ. ಡಿಸೆಂಬರಿನಲ್ಲಿ ಇವನನ್ನು ಕರೆದುಕೊಂಡು ಬಂದಿದ್ದೆನಲ್ಲ, ಬಾಗಿಲಲ್ಲಿ ನಿಂತು ಇವನು ಅಪ್ಪನ ಕಡೆ ಕೈ ಚಾಚಿದ. ಅಪ್ಪ ಇವನ ಮುಖವನ್ನೇ ನೋಡಿಕೊಂಡು "ಬನ್ನಿ, ಕೂತ್ಕೊಳ್ಳಿ" ಎಂದು ತಿರುಗಿ ಒಳಗೆ ಹೋದರು. ಚಾಚಿದ ಕೈ ಹಾಗೇ ಉಳಿಯಿತು. ವಾಪಸು ಬರುವಾಗ ಇವನು "ನಿಮ್ಮಪ್ಪಂಗೆ ನಾನು ಹಿಡಿಸಲಿಲ್ಲ. ಡ್ರೈವರ್ ಅಂತಾನಾ?" ಅಂದ. ಹಾಗೇನಿಲ್ಲ ಅಂದೆ. ಆದರೆ ಹಾಗೇ ಅಂತ ನನಗೂ ಅನ್ನಿಸಿದೆ. ಅಪ್ಪ ಹಾಗೆ ಮಾಡಬಾರದಿತ್ತು.

ಅದೇ ಊಟದಲ್ಲಿ ಅಪ್ಪ ನಿನ್ನ ಕಡೆ ತಿರುಗಿ "ಸ್ವಲ್ಪ ಉಪ್ಪು ಕೊಡು" ಅಂದರು. ಉಪ್ಪು ಕೊಡುವಾಗ ನೀನು ನಕ್ಕೆ. ಮೂವತ್ತೆರಡು ವರ್ಷದ ಮೇಲೂ ಗಂಡನಿಗೆ ಉಪ್ಪು ಕೊಡುವಾಗ ಮುಖ ಅರಳುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗೆ ಬೇಕಾದದ್ದು ಅದರ ವಿಷಯ. ಸುತ್ತಿ ಬಳಸಬೇಡ. ಎರಡೂವರೆ ತಿಂಗಳು ಮಾತ್ರ ಉಳಿದಿದೆ.

ಕಪ್ಪೆ


ಮಾರ್ಚ್ 2

ಮಗಳೇ,

ಉಪ್ಪಿನ ವಿಷಯ ಬರೆಯದಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ.

ನಿಮ್ಮಪ್ಪನೂ ನಾನೂ ಮಾತಾಡಿ ಹನ್ನೊಂದು ವರ್ಷವಾಯಿತು. ಒಂದೇ ಒಂದು ಮಾತಿಲ್ಲ. ನೀನು ಓದಲು ಮನೆ ಬಿಟ್ಟ ವರ್ಷ ಶುರುವಾದದ್ದು. ನೀನು ರಜೆಗೆ ಬಂದಾಗ ಮಾತಾಡುತ್ತೇವೆ. ಹಾಗೆ ಮಾಡೋಣ ಎಂದು ಯಾರೂ ಯಾರಿಗೂ ಹೇಳಿದ್ದಲ್ಲ. ಮೊದಲ ಸಲ ನೀನು ಬಂದ ದಿನ ಅವರು "ಇವಳೇ, ಚೀಲ ತಗೋ" ಅಂದರು, ನಾನು "ಹೂಂ, ತಗೊಂಡೆ" ಅಂದೆ. ನೀನು ಹೋದ ಮೇಲೆ ಮತ್ತೆ ಬಾಗಿಲು ಹಾಕಿಕೊಂಡಿತು. ಅಂದಿನಿಂದ ವರ್ಷಕ್ಕೆ ಮೂರು ಸಲ, ನಾಲ್ಕೈದು ದಿನ. ನಾನು ನಿನ್ನ ರಜೆಗೆ ದಿನ ಎಣಿಸುತ್ತಿದ್ದುದು ನಿನ್ನನ್ನು ನೋಡುವ ಆಸೆಗೆ ಮಾತ್ರ ಅಲ್ಲ. ಉಪ್ಪು ಕೊಡು ಅಂತ ಅವರ ಬಾಯಲ್ಲಿ ಕೇಳುವುದಕ್ಕೂ.

ನಡೆದದ್ದು ಇಷ್ಟೇ. ಹೈಸ್ಕೂಲಿನ ಟೀಚರ್ ಒಬ್ಬರು ಕನ್ನಡಕಕ್ಕೆ ಬಂದಿದ್ದರು. ಅವರ ಹಳೆಯ ನಂಬರು ನನಗೆ ಬಾಯಿಪಾಠ. ಕಿಂಡಿಯಿಂದ ಬಂದ ಚೀಟಿಯಲ್ಲಿ ಮೈನಸ್ ಇರಬೇಕಾದ ಕಡೆ ಪ್ಲಸ್ ಇತ್ತು. ಚೀಟಿ ಹಿಡಿದು ಮುಂದಿನ ಕೋಣೆಗೆ ಬಂದೆ. ಆರು ಜನ ಕೂತಿದ್ದರು. "ಇದು ಮೈನಸ್ ಇರ್ಬೇಕಲ್ವಾ?" ಅಂದೆ. ನಿಮ್ಮಪ್ಪ ತಲೆ ಕೂಡ ಎತ್ತಲಿಲ್ಲ. "ಗಾಜು ಉಜ್ಜೋದು ನಿನ್ನ ಕೆಲಸ, ಕಣ್ಣು ನೋಡೋದು ನನ್ನ ಕೆಲಸ. ಒಳಗೆ ಹೋಗು" ಅಂದರು. ಕೂತಿದ್ದವರಲ್ಲಿ ಒಬ್ಬ ನಕ್ಕ. ಅವನ ಚಪ್ಪಲಿಯ ಬಣ್ಣ ಕೂಡ ನನಗೆ ನೆನಪಿದೆ.

ಒಳಗೆ ಹೋಗಿ ಚೀಟಿಯಲ್ಲಿದ್ದ ಹಾಗೇ ಪ್ಲಸ್ ಉಜ್ಜಿಕೊಟ್ಟೆ. ಎರಡು ದಿನಕ್ಕೆ ಟೀಚರ್ ವಾಪಸು ಬಂದರು, ಮೆಟ್ಟಿಲೇ ಕಾಣುತ್ತಿಲ್ಲ ಅಂತ. ಕಿಂಡಿಯಿಂದ ಹೊಸ ಚೀಟಿ ಬಂತು, ಮೈನಸ್ ಬರೆದಿತ್ತು. ಅದರ ಹಿಂದೆಯೇ ಒಂದು ಮಾತು ಬರುತ್ತದೆ ಎಂದು ಕಾದೆ. 'ನೀನು ಹೇಳಿದ್ದು ಸರಿ' ಅಂತ. ಸಂಜೆವರೆಗೆ ಕಾದೆ. ಮಾರನೆಯ ದಿನವೂ ಕಾದೆ. ಅವರು ಹೇಳುವ ತನಕ ನಾನು ಬಾಯಿ ಬಿಡುವುದಿಲ್ಲ ಎಂದುಕೊಂಡೆ. ಅವರು ಹೇಳಲಿಲ್ಲ, ನಾನು ಬಿಡಲಿಲ್ಲ. ಮೊದಲ ತಿಂಗಳು ಕಷ್ಟವಾಯಿತು. ಆಮೇಲೆ ಸಲೀಸು. ಅದೇ ನನಗೆ ಈಗ ಹೆದರಿಕೆಯಾಗುವುದು.

ದನಿ ಎತ್ತಿದ್ದನ್ನು ನೀನು ಕೇಳಿಲ್ಲ, ನಿಜ. ಎತ್ತಲು ದನಿ ಇದ್ದರೆ ತಾನೇ? ಈ ಮದುವೆಯನ್ನು ನೋಡಿ ನೀನು ಮದುವೆಯಾಗಬೇಡ. ಹಾಗೆಂದು ಇದನ್ನು ನೋಡಿ ಬೇಡ ಅಂತಲೂ ಅನ್ನಬೇಡ.

ಅಮ್ಮ


ಮಾರ್ಚ್ 9

ಅಮ್ಮ,

ನಿನ್ನ ಕಾಗದವನ್ನು ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ ನಿಂತು ಓದಿದೆ. ಆಮೇಲೆ ಕ್ಲಾಸಿನಲ್ಲಿ ಮಕ್ಕಳಿಗೆ ಕಾಲು ಬಡಿಯಿರಿ ಅನ್ನುವ ಬದಲು ಸುಮ್ಮನೆ ಸೀಟಿ ಊದುತ್ತಾ ನಿಂತಿದ್ದೆನಂತೆ.

ನೀವು ಸುಖವಾಗಿಲ್ಲ ಅನ್ನುವುದಕ್ಕೆ ನನಗೆ ಸಿಟ್ಟಿಲ್ಲ. ಹನ್ನೊಂದು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದಿರಲ್ಲ, ಅದಕ್ಕೆ. ನಾನು ಮನೆಗೆ ಬಂದಾಗಲೆಲ್ಲ ನನಗಾಗಿ ನಾಟಕ ಆಡುತ್ತಿದ್ದಿರಿ. ನಾನು ಅದನ್ನು ನೋಡಿ ಸ್ನೇಹಿತೆಯರ ಹತ್ತಿರ, "ನಮ್ಮಪ್ಪ ಅಮ್ಮನ್ನ ನೋಡಬೇಕು ನೀವು" ಎಂದು ಕೊಚ್ಚಿಕೊಳ್ಳುತ್ತಿದ್ದೆ. ಎಷ್ಟು ಪೆದ್ದಿ ನಾನು.

ಇವನಿಗೆ ಬೇಡ ಅಂದೆ. ನಿನ್ನೆ. ಯಾಕೆ ಅಂತ ಕೇಳಿದ. ಈಜುಕೊಳದ ಕೆಲಸ ಬಿಟ್ಟು ಬರಕ್ಕಾಗಲ್ಲ ಅಂದೆ. ಅದು ಕಾರಣವಲ್ಲ ಅಂತ ಅವನಿಗೂ ಗೊತ್ತು. ಈ ಸಲ ಕೂಗಲಿಲ್ಲ. "ಸರಿ" ಎಂದು ಡ್ಯೂಟಿಗೆ ಹೋದ.

ಒಂದು ಹೇಳು. ಯಾಕೆ ಉಳಿದೆ? ನಿನ್ನ ಕೈಯಲ್ಲಿ ಕೆಲಸವಿದೆ. ಯಾವ ಊರಿನ ಕನ್ನಡಕದ ಅಂಗಡಿಯವರಾದರೂ ನಿನ್ನನ್ನು ಕರೆದು ಕೂರಿಸುತ್ತಾರೆ. ಅಲ್ಲಿ, ಆ ಹಲಗೆ ಗೋಡೆಯ ಹಿಂದೆ, ಏನು ಕಾಯುತ್ತಾ ಕೂತಿದ್ದೀಯ?

ನಿನ್ನ ಮಗಳು


ಮಾರ್ಚ್ 24

ಮಗಳೇ,

ಬೇಡ ಅಂದೆಯಾ. ನನ್ನ ಕಾಗದ ಓದಿ ಅಂದೆಯಾ, ಇಲ್ಲ ಮೊದಲೇ ಮನಸ್ಸಿನಲ್ಲಿತ್ತಾ? ನನ್ನಿಂದ ಅಂತಾದರೆ ಆ ಪಾಪ ನನ್ನ ತಲೆಗೆ.

ಯಾಕೆ ಉಳಿದೆ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಒಂದು ಸಲ ಸೂಟ್‌ಕೇಸಿಗೆ ನಾಲ್ಕು ಸೀರೆ ತುಂಬಿದ್ದೆ ಕೂಡ. ಆಗ ಕಿಂಡಿಯಿಂದ ಚೀಟಿ ಬಂತು. ತುರ್ತಿನ ಕೆಲಸ, ಯಾರದೋ ಮಗುವಿನ ಕನ್ನಡಕ. ಮುಗಿಸಿ ಹೋಗೋಣ ಎಂದುಕೊಂಡೆ. ಅದಾದ ಮೇಲೆ ಇನ್ನೊಂದು ಬಂತು. ಹೀಗೆ ಉಳಿದೆ ಎಂದರೆ ನೀನು ನಗುತ್ತೀಯ. ಆದರೆ ಅವರ ಅಕ್ಷರ ದಿನಕ್ಕೆ ಹತ್ತು ಸಲ ನನ್ನ ಕೈಗೆ ಬರುತ್ತಿತ್ತು ಕಪ್ಪೆ. ಅದು ಬರದ ಊರಿನಲ್ಲಿ ಇರುವುದು ಹೇಗೆ ಎಂದು ನನಗೆ ತೋಚಲಿಲ್ಲ.

ಈಗ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿನ್ನ ಕಣ್ಣಿಗೆ ನಮ್ಮ ಮದುವೆ ಪೂರ್ತಿ ಬರಿದಾಗಿ ಕಾಣಬಾರದು ಎಂಬ ಆಸೆಯಿಂದ.

ಎರಡು ವರ್ಷದಿಂದ ನಿಮ್ಮಪ್ಪ ಚೀಟಿಯಲ್ಲಿ ತಪ್ಪು ಬರೆಯುತ್ತಿದ್ದಾರೆ. ಗಾಜನ್ನು ಯಾವ ಓರೆಯಲ್ಲಿ ಕೂಡಿಸಬೇಕು ಎನ್ನುವುದಕ್ಕೆ ಡಿಗ್ರಿ ಎಂದು ಒಂದು ಅಂಕೆ ಇರುತ್ತದೆ. ಪರೀಕ್ಷೆಗೆಂದು ಗಿರಾಕಿಯ ಮೂಗಿನ ಮೇಲಿಡುವ ಚೌಕಟ್ಟಿನಲ್ಲಿ ಕೆತ್ತಿದ್ದನ್ನು ಓದಿ ಅವರು ಬರೆಯಬೇಕು. 170 ಇರುವ ಕಡೆ 70 ಎಂದು ಬರುತ್ತದೆ. 120 ಇರುವ ಕಡೆ 20. ಯಾವಾಗಲೂ ಎಡಗಡೆಯ ಅಂಕೆಯೇ ಬಿಟ್ಟುಹೋಗುತ್ತದೆ. ಮೊದಲು ಗೊತ್ತಾದದ್ದು ಒಬ್ಬ ಟೈಲರನ ಚೀಟಿಯಲ್ಲಿ. ಹದಿನೈದು ವರ್ಷದಿಂದ ನಮ್ಮಲ್ಲೇ ಕನ್ನಡಕ ಮಾಡಿಸುವವನು. ಅವನ ಹಳೇ ಕಾರ್ಡು ತೆಗೆದು ನೋಡಿ ಸರಿಯಾದ ಅಂಕೆಗೆ ಉಜ್ಜಿದೆ. ಹೊಸಬರಾದರೆ, ಫ್ರೇಮು ಮೂಗಿಗೆ ಸರಿಹೋಗುತ್ತಾ ನೋಡಬೇಕು ಎಂದು ಒಳಗೆ ಕರೆದು, ನಾನೇ ಪರೀಕ್ಷೆ ಮಾಡಿ ತಿದ್ದಿಕೊಳ್ಳುತ್ತೇನೆ. ಎರಡು ವರ್ಷದಲ್ಲಿ ಒಂದು ಕನ್ನಡಕವೂ ವಾಪಸು ಬಂದಿಲ್ಲ. ಪೇಟೆಯಲ್ಲಿ ಅವರ ಹೆಸರು ಹಾಗೇ ಇದೆ. ಅವರಿಗೆ ಇದೊಂದೂ ಗೊತ್ತಿಲ್ಲ.

ಹೇಳಬಹುದಿತ್ತು. ಕಣ್ಣು ನೋಡುವುದು ನನ್ನ ಕೆಲಸವಲ್ಲವಲ್ಲ, ಅದಕ್ಕೇ ಹೇಳಲಿಲ್ಲ. ಆದರೆ ಯಾರ ಎದುರಿಗೂ ಅವರ ಮರ್ಯಾದೆ ಹೋಗಲು ಬಿಟ್ಟಿಲ್ಲ. ಇದಕ್ಕೆ ಏನು ಹೆಸರು ಕೊಡುತ್ತೀಯೋ ಕೊಡು. ನನಗೆ ಇದೂ ಒಂದು ಸಂಸಾರವೇ.

ಇನ್ನು ಆ ಕೈ ವಿಷಯ. ಬಾಗಿಲಲ್ಲಿ ಹುಡುಗ ನಿಮ್ಮಪ್ಪನ ಎಡಕ್ಕೆ ನಿಂತಿದ್ದ, ನಾನು ನೋಡಿದ್ದೆ. ನಿಮ್ಮಪ್ಪನಿಗೆ ಅವನ ಮೇಲೆ ಏನೂ ಇಲ್ಲ. ಮುಖ ಕಂಡಿದ್ದರೂ ಆ ಕಡೆಯ ಕೈ ಕಾಣಿಸಿರಲಿಕ್ಕಿಲ್ಲ. ಅವನಿಗೆ ಹೇಳು.

ಅಮ್ಮ


ಮಾರ್ಚ್ 28

ಅಮ್ಮ,

ಇದನ್ನು ಓದಿದ ತಕ್ಷಣ ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗು. ನಾಳೆ ನಾಡಿದ್ದು ಅನ್ನಬೇಡ.

ನನ್ನ ಹತ್ತಿರ ಈಜಲು ಬರುತ್ತಿದ್ದ ಒಬ್ಬ ನಿವೃತ್ತ ಮೇಷ್ಟ್ರು ಯಾವಾಗಲೂ ಒಂದೇ ಪಕ್ಕದ, ಸಾಲು ಬೇರ್ಪಡಿಸುವ ಹಗ್ಗಕ್ಕೆ ಡಿಕ್ಕಿ ಹೊಡೆಯುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಕಣ್ಣೊಳಗೆ ಒತ್ತಡ ಏರಿ ನರ ಸಾಯುತ್ತಾ ಬಂದಿತ್ತಂತೆ. ಪಕ್ಕದ ನೋಟ ಮೊದಲು ಹೋಗುತ್ತದೆ, ನೋವೇ ಇರುವುದಿಲ್ಲವಂತೆ. ಹೋದದ್ದು ವಾಪಸು ಬರುವುದಿಲ್ಲ, ಬೇಗ ತೋರಿಸಿದರೆ ಉಳಿದದ್ದನ್ನು ಉಳಿಸಬಹುದು, ಅಷ್ಟೇ.

ಅಂಗಡಿಗೆ ಫೋನ್ ಮಾಡಿದೆ. ಅಪ್ಪ ಎತ್ತಿದರು. "ನನಗೇನಾಗಿದೆ, ಕಲ್ಲುಗುಂಡಿನ ಹಾಗಿದೀನಿ" ಎಂದು ಇಟ್ಟುಬಿಟ್ಟರು. ನನ್ನ ಮಾತು ಕೇಳುವುದಿಲ್ಲ. ನೀನೇ ಹೇಳಬೇಕು. ಚೀಟಿಯಲ್ಲಿ ಅಲ್ಲ, ಬಾಯಲ್ಲಿ.

ಎರಡು ವರ್ಷ ಅಮ್ಮ! ಕನ್ನಡಕ ತಿದ್ದಿದೆ, ಅವರನ್ನು ಒಂದು ಮಾತು ಕೇಳಲಿಲ್ಲ. ನೀನು ಅವರ ಮರ್ಯಾದೆ ಉಳಿಸಿದೆಯೋ, ಅವರ ತಪ್ಪನ್ನು ನೋಡುತ್ತಾ ಕೂತಿದ್ದೆಯೋ? ಹೀಗೆ ಕೇಳಬಾರದು, ಆದರೂ ಕೇಳುತ್ತಿದ್ದೇನೆ.

ಇವನಿಗೆ ಕೈ ವಿಷಯ ಹೇಳಿದೆ. "ನಿಮ್ಮಪ್ಪನ್ನ ಕರ್ಕೊಂಡು ಹೋಗಕ್ಕೆ ನಾನೇ ರಜ ಹಾಕಿ ಬರ್ಲಾ?" ಅಂದ. ಬೇಡ ಅಂದೆ. ಯಾಕೆ ಬೇಡ ಅಂದೆನೋ ಗೊತ್ತಿಲ್ಲ.

ಕಪ್ಪೆ


ಏಪ್ರಿಲ್ 22

ಕಪ್ಪೆ,

ಮೂರು ವಾರ ಬರೆಯಲಾಗಲಿಲ್ಲ. ಈ ಸಲ ಗಿರಾಕಿಗಳ ನೆಪವಲ್ಲ. ಅಂಗಡಿ ಮುಚ್ಚಿದೆ.

ನಿನ್ನ ಕಾಗದ ಬಂದ ದಿನ ಬೆಳಿಗ್ಗೆ, ಇನ್ನೂ ಬಾಗಿಲು ತೆಗೆಯುವ ಮೊದಲು, ನಾನು ಹಲಗೆ ಗೋಡೆ ದಾಟಿ ಮುಂದಿನ ಕೋಣೆಗೆ ಹೋದೆ. ನಿಮ್ಮಪ್ಪ ಪರೀಕ್ಷೆಯ ಗಾಜುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ, ನೀನಿಲ್ಲದಾಗ ನಾನು ಅವರ ಜೊತೆ ಆಡಿದ ಮೊದಲ ಮಾತು ಇದು: "ನಿಮಗೆ ಎಡಗಡೆ ಕಾಣ್ತಿಲ್ಲ."

ಒರೆಸುವುದನ್ನು ನಿಲ್ಲಿಸಲಿಲ್ಲ. "ಗೊತ್ತು" ಅಂದರು.

"ಚೀಟೀಲಿ ತಪ್ಪು ಬರೀತಿದೀರಿ. ನಾನು ತಿದ್ತಿದ್ದೆ."

"ಅದೂ ಗೊತ್ತು."

ನೀನು ನಂಬುವುದಿಲ್ಲ. ಸಿದ್ಧವಾದ ಕನ್ನಡಕವನ್ನು ಗಿರಾಕಿಗೆ ಕೊಡುವ ಮೊದಲು ಅವರು ಗಾಜಿನ ನಂಬರು ತೋರಿಸುವ ಮೆಷಿನ್ನಿನಲ್ಲಿಟ್ಟು ನೋಡುತ್ತಾರಲ್ಲ, ಅಲ್ಲಿ ಅಂಕೆ ದೊಡ್ಡದಾಗಿ ಬರುತ್ತದೆ. ತಾನು 70 ಬರೆದದ್ದು 170 ಆಗಿ ಬಂದಿರುವುದನ್ನು ಮೊದಲ ವಾರವೇ ಕಂಡಿದ್ದರಂತೆ. ಎರಡು ವರ್ಷ ಅವರು ತಪ್ಪು ಬರೆದರು, ನಾನು ತಿದ್ದಿದೆ, ಅವರು ತಿದ್ದಿದ್ದನ್ನು ನೋಡಿದರು. ಇಬ್ಬರ ಬಾಯಿಗೂ ಬೀಗ.

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?" ಎಂದು ಕೂಗಿದೆ. ನಾನು ಕೂಗಿದೆ ಕಪ್ಪೆ, ಪಕ್ಕದ ಅಂಗಡಿಗೆ ಕೇಳುವ ಹಾಗೆ.

"ನೀನು ಯಾಕೆ ಸುಮ್ನಿದ್ದೆ?" ಅಂದರು. ಆಮೇಲೆ ಪೆಟ್ಟಿಗೆಯ ಮುಚ್ಚಳ ಹಾಕಿ, "ಡಾಕ್ಟ್ರ ಹತ್ರ ಹೋದ್ರೆ ಪರೀಕ್ಷೆ ಮಾಡೋದು ಬಿಡು ಅಂತಾರೆ. ಬಿಟ್ರೆ ಚೀಟಿ ಇಲ್ಲ. ಅದೂ ಇಲ್ದಿದ್ರೆ ನಮ್ಮಿಬ್ಬರ ಮಧ್ಯೆ ಇನ್ನೇನಿದೆ?" ಅಂದರು. ಆ ದಿನ ಅಂಗಡಿ ಬಾಗಿಲು ತೆಗೆಯಲೇ ಇಲ್ಲ, ಅವರನ್ನು ಆಸ್ಪತ್ರೆಗೆ ಹೊರಡಿಸಿದೆ.

ಆಸ್ಪತ್ರೆಯಲ್ಲಿ ಬಟ್ಟಲಿನಂಥ ಒಂದು ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅವರು ಬಹಳ ಹೊತ್ತು ಒತ್ತದೆ ಕೂತಿದ್ದರು. ಹೊರಗಿನಿಂದ ನೋಡುತ್ತಿದ್ದ ನನಗೆ ಚುಕ್ಕೆಗಳು ಮಿನುಗುವುದು ಕಾಣುತ್ತಿತ್ತು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ನೇರ ಮಾತಿನವಳು. "ಎಡಗಣ್ಣು ಹೋಗಿದೆ. ಬಲಗಣ್ಣಲ್ಲಿ ಅರ್ಧ ಇದೆ, ಅದನ್ನ ಹನಿ ಹಾಕಿ ಉಳಿಸ್ಕೊಳ್ಳೋಣ. ಎರಡು ವರ್ಷ ಮೊದಲು ಬಂದಿದ್ರೆ ಎರಡೂ ಇಷ್ಟು ಹಾಳಾಗ್ತಿರ್ಲಿಲ್ಲ" ಅಂದಳು. ಆಮೇಲೆ ಕೇಳಿದಳು: "ಮನೇಲಿ ಯಾರೂ ಗಮನಿಸ್ಲಿಲ್ವಾ?"

ಕೋಣೆಯಲ್ಲಿ ನರ್ಸು ಇದ್ದಳು, ಮುಂದಿನ ಸರದಿಯವರು ಬಾಗಿಲಲ್ಲಿ ನಿಂತಿದ್ದರು. ನಿಮ್ಮಪ್ಪ ಹೇಳಿದರು: "ನನ್ನ ಹೆಂಡತಿ ಗಮನಿಸಿದ್ಲು ಡಾಕ್ಟ್ರೇ. ಅವಳು ಹೇಳೋದು ಯಾವಾಗ್ಲೂ ಸರೀನೇ. ಹೇಳದ ಹಾಗೆ ಮಾಡಿದೋನು ನಾನು."

ಹನ್ನೊಂದು ವರ್ಷ ಕಾದ ಮಾತು, ಜನರ ಎದುರಿಗೇ ಬಂತು. ಈಗ ನಾನು ನಿನಗೆ ಹೇಳಬೇಕಾದದ್ದು ಇದು. ಅದಕ್ಕೂ ಸ್ವಲ್ಪ ಮೊದಲು, ಡಾಕ್ಟರು ಎಡಗಣ್ಣು ಹೋಗಿದೆ ಅಂದಾಗ, ದುಃಖ ಬರುವುದಕ್ಕಿಂತ ಮುಂಚೆ, ಒಂದು ಕ್ಷಣ, ನನ್ನೊಳಗೆ ಏನೋ ಹಿಗ್ಗಿತು. 'ನೋಡಿದ್ರಾ, ನಾನು ಹಿಡಿದ ತಪ್ಪು ತಪ್ಪೇ ಆಗಿತ್ತು' ಎಂದು. ಗಂಡನ ಕಣ್ಣು ಹೋದ ಸುದ್ದಿಗೆ ಗೆದ್ದೆ ಅನ್ನಿಸಿತು ನನಗೆ. ನೀನು ಕೇಳಿದ್ದೆಯಲ್ಲ, ಮರ್ಯಾದೆ ಉಳಿಸಿದೆಯಾ, ತಪ್ಪು ನೋಡುತ್ತಾ ಕೂತಿದ್ದೆಯಾ ಅಂತ. ಎರಡೂ ಹೌದು. ಯಾವುದು ಎಷ್ಟು ಎಂದು ನನಗೆ ಬೇರ್ಪಡಿಸಲು ಬರುತ್ತಿಲ್ಲ. ಮದುವೆಗೆ ಕಾಲಿಡುವವರು ತಮ್ಮೊಳಗೆ ಇಂಥದ್ದೂ ಬೆಳೆಯಬಹುದು ಎಂದು ತಿಳಿದೇ ಇಡಬೇಕು.

ಈಗ ಮಾತಾಡುತ್ತೇವೆ. ಮಾತು ಎಂದರೆ ಜಗಳ. ಹನ್ನೊಂದು ವರ್ಷದ್ದು ಬಾಕಿ ಇದೆಯಲ್ಲ. ದಿನಕ್ಕೆ ಮೂರು ಸಲ ಕಣ್ಣಿಗೆ ಹನಿ ಹಾಕುತ್ತೇನೆ, ನಿನ್ನ ಕೈ ನಡುಗುತ್ತೆ ಅಂತ ಬೈಯುತ್ತಾರೆ. ನಿನ್ನೆ ಪಕ್ಕದ ಮನೆಯಾಕೆ ಬಂದು ಏನಾಯ್ತು ಅಂತ ವಿಚಾರಿಸಿಕೊಂಡು ಹೋದಳು. ಮದುವೆ ಬೇಕೋ ಬೇಡವೋ, ನನಗೆ ಈಗಲೂ ಗೊತ್ತಿಲ್ಲ. ನನ್ನನ್ನು ಕೇಳಬೇಡ. ನಾನು ನಿನಗೆ ಹೇಳಿದ್ದು ಒಂದೂ ನೆಟ್ಟಗಾಗಲಿಲ್ಲ.

ಅಮ್ಮ

ಕಪ್ಪೆ, ಇದು ಅಪ್ಪ. ಸಾಲು ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೋ. ನಿಮ್ಮಮ್ಮ ಈ ಕಾಗದ ನನಗೆ ಓದಿ ಹೇಳಿದಳು. ಒಂದು ಕಡೆ ಬಂದು ನಿಲ್ಲಿಸಿದಳು. ಓದು ಅಂದೆ. ಓದಿ ಅತ್ತಳು. ಅವಳ ಜಾಗದಲ್ಲಿ ನಾನಿದ್ದರೆ ಡಾಕ್ಟರ ಮುಂದೆಯೇ ಜೋರಾಗಿ ನಗುತ್ತಿದ್ದೆ. ಹುಡುಗನಿಗೆ ಹೇಳು, ಇನ್ನೊಂದು ಸಲ ಬಂದರೆ ಬಲಗಡೆ ನಿಲ್ಲಲಿ.


ಮೇ 3

ಅಮ್ಮ, ಅಪ್ಪ,

ಒಟ್ಟಿಗೆ ಓದುತ್ತೀರಲ್ಲ, ಅದಕ್ಕೆ ಇಬ್ಬರಿಗೂ ಬರೆಯುತ್ತಿದ್ದೇನೆ. ಅಪ್ಪ, ನಿಮ್ಮ ಸೊಟ್ಟ ಸಾಲುಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಇವನು ಹೋದ. ನಿಮ್ಮ ಕಾಗದ ಬಂದದ್ದು ಅವನು ಹೊರಡುವ ಹಿಂದಿನ ದಿನ. ಅವನು ನೆಲದ ಮೇಲೆ ಕೂತು ಪೆಟ್ಟಿಗೆ ಕಟ್ಟುತ್ತಿದ್ದ. ಅಮ್ಮ, ನಾನು ನಿನ್ನ ನಾಲ್ಕೂ ಕಾಗದಗಳನ್ನು ತಂದು ಅವನ ಮುಂದೆ ಇಟ್ಟೆ. "ಇದನ್ನ ಓದು, ಎಲ್ಲ ಅರ್ಥ ಆಗುತ್ತೆ" ಅಂದೆ. ಬೇಡ ಅಂದದ್ದು ಯಾಕೆ, ಈಗ ಮನಸ್ಸು ಬದಲಾಗಿರುವುದು ಯಾಕೆ, ಎಲ್ಲ ಅದರಲ್ಲಿದೆ ಎಂದುಕೊಂಡಿದ್ದೆ.

ಅವನು ಮುಟ್ಟಲಿಲ್ಲ. "ಇದು ನಿಮ್ಮಮ್ಮನ ಮಾತು. ನಿಂದೆಲ್ಲಿ?" ಅಂದ.

ನಾನು ಕೊನೆಯ ಕಾಗದವನ್ನು ಬಿಡಿಸಿ ಅವನ ಕಡೆ ಚಾಚಿದೆ.

"ಜನವರೀಲಿ ನಾನು ಕೇಳಿದ್ದು ನಿನ್ನ. ನೀನು ಹೋಗಿ ನಿಮ್ಮಮ್ಮನ್ನ ಕೇಳಿದೆ. ಅವರ ಕಾಗದ ಬಂದ್ಮೇಲೆ ನನಗೆ ಬೇಡ ಅಂದೆ. ಈಗ ಅವರು ಇನ್ನೊಂದು ಥರ ಬರೆದಿದಾರೆ ಅಂತ ತಂದು ಇಡ್ತಿದೀಯ. ನಾಲ್ಕು ತಿಂಗಳು ನೀನು ಆ ಟೇಬಲ್ ಹತ್ರ ಕೂತು ಬರೀತಿದ್ದೆ, ನಾನು ಈ ರೂಮಲ್ಲಿದ್ದೆ. ನಿಂಗೆ ಮದುವೆ ಯಾಕೆ ಬೇಕು ಅಂತ ಒಂದ್ಸಲ ಎದ್ದು ಬಂದು ನನ್ನ ಕೇಳಿದ್ಯಾ?"

ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದ.

ಅಮ್ಮ, ನಾನು ಕೇಳಿರಲಿಲ್ಲ. ನಿಮ್ಮಿಬ್ಬರಿಗೆ ಬಾಯಲ್ಲಿ ಹೇಳಿ ಎಂದು ಅಷ್ಟು ದೊಡ್ಡದಾಗಿ ಬರೆದವಳು ನಾನು. ಮನೆಯಲ್ಲಿ ಅವನ ಮತ್ತು ನನ್ನ ನಡುವೆ ಇದ್ದದ್ದು ಒಂದು ತೆಳ್ಳಗಿನ ಬಾಗಿಲು, ಅದೂ ತೆರೆದೇ ಇರುತ್ತಿತ್ತು. ಈಗಲಾದರೂ ಏನಾದರೂ ಹೇಳಬೇಕಿತ್ತು. ನನಗೆ ಒಂದು ಮಾತೂ ಹೊರಡಲಿಲ್ಲ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಹಗ್ಗದ ಗಂಟು ಬಿಗಿ ಮಾಡಿ ಎದ್ದ. ಮಾರನೆಯ ದಿನ ಮಧ್ಯಾಹ್ನ, ನಾನು ಕ್ಲಾಸಿನಲ್ಲಿದ್ದಾಗ ಹೋದ. ತನ್ನ ಕೀಲಿಯನ್ನು ಟೇಬಲ್ ಮೇಲೆ ಇಟ್ಟಿದ್ದಾನೆ.

ಮನೆಯಲ್ಲಿ ನಾನೊಬ್ಬಳೇ ಇದ್ದೇನೆ, ಆರಾಮಾಗಿಯೂ ಇಲ್ಲ, ಸತ್ತುಹೋಗುವಂತೆಯೂ ಇಲ್ಲ. ಮದುವೆ ಇಲ್ಲದೆ ಬದುಕಬಹುದು, ಅದು ನನಗೆ ಮೊದಲೂ ಗೊತ್ತಿತ್ತು. ಅವನಿಲ್ಲದೆ ಬದುಕುವುದು ನನಗೆ ಇಷ್ಟವಿಲ್ಲ, ಅದು ಗೊತ್ತಿರಲಿಲ್ಲ. ಇವೆರಡು ಬೇರೆ ಬೇರೆ ಎಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಮೂರನೇ ಸಲ ಅವನು ಕೇಳುವುದಿಲ್ಲ. ನಾನು ಕೇಳಿದರೂ ಹೂಂ ಅನ್ನುತ್ತಾನೆ ಅನ್ನುವ ನಂಬಿಕೆ ನನಗಿಲ್ಲ. ಇಷ್ಟು ದಿನ ಕಾಯಿಸಿದವಳ ಜೊತೆ ಯಾವ ಧೈರ್ಯದ ಮೇಲೆ ಬರುತ್ತಾನೆ?

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಅವನಿರುವ ಊರಿಗೆ ಹೋಗುತ್ತಿದ್ದೇನೆ. ಹೇಳಬೇಕಾದ್ದನ್ನೆಲ್ಲ ನಿನ್ನೆ ಎರಡು ಹಾಳೆಯಲ್ಲಿ ಬರೆದಿಟ್ಟುಕೊಂಡೆ, ಬಾಯಿ ಕಟ್ಟಿದರೆ ಕೊಟ್ಟುಬಿಡೋಣ ಅಂತ. ಚೆನ್ನಾಗಿಯೇ ಬಂದಿತ್ತು. ಇವತ್ತು ಅದನ್ನು ಹರಿದು ಹಾಕಿದೆ. ಅವನೆದುರು ನಿಂತಾಗ ನನ್ನ ಬಾಯಿಂದ ಏನು ಬರುತ್ತದೋ ಗೊತ್ತಿಲ್ಲ, ನನಗೆ ತುಂಬಾ ಹೆದರಿಕೆಯಾಗುತ್ತಿದೆ.

ನಿಮ್ಮ ಮಗಳು